ಆರನೇ ತಂತಿ ಮುಟ್ಟಬೇಡ

ತಂಬೂರಿಯನ್ನು ಮೀಟುತ್ತಾರೆ, ವೀಣೆ ನುಡಿಸುತ್ತಾರೆ, ಕೊಳಲು ಊದುತ್ತಾರೆ, ಡೋಲು ಬಾರಿಸುತ್ತಾರೆ. ಗಿಟಾರನ್ನು ಏನು ಮಾಡುತ್ತಾರೆ? ನಮ್ಮ ಮನೆಯಲ್ಲಿ ಇದು ಕೊನೆಗೂ ತೀರ್ಮಾನವಾಗಲಿಲ್ಲ. ಅಮ್ಮ ‘ನುಡಿಸ್ತಾನೆ’ ಅನ್ನುತ್ತಿದ್ದಳು, ಮಗನ ಮೇಲಿನ ಪ್ರೀತಿಗೆ. ಅಪ್ಪ ‘ಕೆರೀತಾನೆ’ ಅನ್ನುತ್ತಿದ್ದರು. ಅಜ್ಜಿ ಸಾಯುವ ತನಕ ಅದನ್ನು ಪಿಟೀಲು ಅಂತಲೇ ಕರೆದಳು. ನನ್ನ ಮೊದಲ ಆರ್ಕೆಸ್ಟ್ರಾ ಮಾಸ್ಟರ್ ಮಾತ್ರ ‘ಬಾರಿಸೋದು’ ಅಂದರು. ಹಾಗಾಗಿ ಈ ಬರಹದಲ್ಲಿ ನಾನು ಒಂದೊಂದು ಕಡೆ ಒಂದೊಂದು ಮಾತು ಬಳಸಿದರೆ ಬೇಜಾರು ಮಾಡಿಕೊಳ್ಳಬೇಡಿ.

ನನಗೀಗ ಅರವತ್ತು. ಗಿಟಾರು ಕೈಗೆ ಬಂದದ್ದು 1982ರಲ್ಲಿ. ಜಾತ್ರೆಗಳಲ್ಲಿ ನುಡಿಸಿದ್ದೇನೆ, ಕ್ಯಾಸೆಟ್ಟುಗಳಿಗೆ ನುಡಿಸಿದ್ದೇನೆ, ಮದುವೆ ರಿಸೆಪ್ಷನ್ನುಗಳಲ್ಲಿ ಊಟದ ಸಾಲಿನಲ್ಲಿ ನಿಂತವರ ಬೆನ್ನಿಗೆ ನುಡಿಸಿದ್ದೇನೆ. ಇಪ್ಪತ್ತೈದು ವರ್ಷದಿಂದ ಬೆಂಗಳೂರಿನಲ್ಲಿ ಪಾಠ ಹೇಳುತ್ತಿದ್ದೇನೆ. ನನ್ನ ಹೆಸರು ಯಾರಿಗೂ ಗೊತ್ತಿಲ್ಲ, ಗೊತ್ತಿರುವ ಕಾರಣವೂ ಇಲ್ಲ. ನಾನು ರಿದಮ್ ಗಿಟಾರಿನವನು. ವೇದಿಕೆಯಲ್ಲಿ ಡ್ರಮ್ಸ್ ಪಕ್ಕ, ಸ್ಪೀಕರ್ ಪೆಟ್ಟಿಗೆಯ ಹಿಂದೆ ಅರ್ಧ ಮರೆಯಾಗಿ ನಿಲ್ಲುತ್ತಾನಲ್ಲ, ಅವನು.

ನಮ್ಮೂರು ಸಾಗರ. ಅಪ್ಪ ಮೇಷ್ಟ್ರು. ಅಮ್ಮ ಬೆಳಗ್ಗೆ ದೋಸೆ ಹುಯ್ಯುತ್ತಾ ದೇವರನಾಮ ಹೇಳುವವಳು. ಮನೆಯಲ್ಲಿದ್ದ ಇನ್ನೊಂದು ಸಂಗೀತ ಅಂದರೆ ಭದ್ರಾವತಿ ಆಕಾಶವಾಣಿ. ಪಿಯುಸಿ ಓದಲು ಶಿವಮೊಗ್ಗಕ್ಕೆ ಹೋದಾಗ ಗೆಳೆಯನೊಬ್ಬ ಕ್ರಿಸ್‌ಮಸ್ ಹಿಂದಿನ ರಾತ್ರಿ ಚರ್ಚಿಗೆ ಕರೆದುಕೊಂಡು ಹೋದ. ನಾನು ಹೋದದ್ದು ಕೇಕಿನ ಆಸೆಗೆ. ಅಲ್ಲಿ ಹಾಡುವ ಗುಂಪಿನ ತುದಿಯಲ್ಲಿ ಒಬ್ಬ ಹುಡುಗ ಗಿಟಾರು ಹಿಡಿದು ನಿಂತಿದ್ದ. ರೇಡಿಯೊದಲ್ಲಿ ಆ ಸದ್ದು ಎಷ್ಟೋ ಸಲ ಕೇಳಿದ್ದೆ, ಆದರೆ ಅದು ಒಂದು ಮರದ ಡಬ್ಬದಿಂದ ಬರುತ್ತದೆ ಅಂತ ಎದುರಿಗೆ ನೋಡಿದ್ದು ಅವತ್ತೇ. ಮಾರನೇ ವರ್ಷ ಅದೇ ಹುಡುಗ ಕೊಲ್ಲಿ ದೇಶಕ್ಕೆ ಕೆಲಸಕ್ಕೆ ಹೊರಟ. ಗಿಟಾರನ್ನು ನನಗೆ 275 ರೂಪಾಯಿಗೆ ಕೊಟ್ಟ. ಕಲ್ಕತ್ತೆಯಲ್ಲಿ ಮಾಡಿದ್ದು. ತಂತಿಗಳು ಎಷ್ಟು ಎತ್ತರದಲ್ಲಿದ್ದವು ಅಂದರೆ ಕೆಳಗೆ ಇಲಿ ಓಡಾಡಬಹುದಿತ್ತು. ಬೆರಳ ತುದಿ ಒಡೆದು, ಅಮ್ಮ ಅರಿಶಿನ ಹಚ್ಚಿ, ಅಪ್ಪ ನಕ್ಕು, ಹೀಗೆ ಶುರುವಾಯಿತು.

ಕಲಿಸುವವರು ಯಾರೂ ಇರಲಿಲ್ಲ. ಹುಡುಗ ಹೋಗುವ ಮುಂಚೆ ಶ್ರುತಿ ಮಾಡುವುದನ್ನು ಬಸ್ ಸ್ಟ್ಯಾಂಡಿನಲ್ಲಿ ಗಡಿಬಿಡಿಯಲ್ಲಿ ಹೇಳಿಕೊಟ್ಟಿದ್ದ. ಒಂದು ತಂತಿಯನ್ನು ಐದನೇ ಫ್ರೆಟ್‌ನಲ್ಲಿ (ಗಿಟಾರಿನ ಕುತ್ತಿಗೆಯ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಮೆಟ್ಟಿಲು) ಒತ್ತಿ ಹಿಡಿ, ಮುಂದಿನ ತಂತಿ ಅದೇ ಸ್ವರಕ್ಕೆ ಬರುವ ತನಕ ತಿರುಪು. ಅಷ್ಟೇ. ಇದು ಮುಕ್ಕಾಲು ಪಾಲು ಸರಿ. ಆದರೆ ಮೂರನೇ ತಂತಿಯಿಂದ ಎರಡನೆಯದಕ್ಕೆ ಹೋಗುವಾಗ ಮಾತ್ರ ನಾಲ್ಕನೇ ಫ್ರೆಟ್. ಆ ಒಂದು ಮಾತು ಬಸ್ಸಿನ ಹಾರ್ನಿನಲ್ಲಿ ಮುಳುಗಿತೋ, ಅವನೇ ಮರೆತನೋ. ನಾನು ಎಲ್ಲದಕ್ಕೂ ಐದನ್ನೇ ಹಿಡಿದೆ. ಇಂಗ್ಲಿಷ್ ಸ್ವರಗಳ ಹೆಸರಿನಲ್ಲಿ ಹೇಳಿದರೆ, ಇ, ಎ, ಡಿ, ಜಿ, ಬಿ, ಇ ಆಗಬೇಕಿದ್ದದ್ದು ಇ, ಎ, ಡಿ, ಜಿ, ಸಿ, ಎಫ್ ಆಯಿತು. ಪುಸ್ತಕ ನೋಡಿ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಹಿಡಿದರೆ ಕರ್ಣಕಠೋರ. ಎರಡು ತಿಂಗಳು ಪುಸ್ತಕ ಬರೆದವನನ್ನು ಬೈದೆ.

ಎಷ್ಟೋ ವರ್ಷದ ಮೇಲೆ ಗೊತ್ತಾಯಿತು, ಅಮೆರಿಕದ ಜಾಝ್ ಗಿಟಾರಿಸ್ಟ್ ಸ್ಟ್ಯಾನ್ಲಿ ಜೋರ್ಡನ್ ಬೇಕಂತಲೇ ಹೀಗೆ ಶ್ರುತಿ ಮಾಡಿಕೊಂಡು ನುಡಿಸುತ್ತಾರೆ ಅಂತ. ಅವರದ್ದು ಶೈಲಿ. ನನ್ನದು ಬಸ್ ಸ್ಟ್ಯಾಂಡು.

ಎರಡನೇ ಗುರು ಟೇಪ್ ರೆಕಾರ್ಡರ್. ಹಾಡನ್ನು ಹಿಂದೆ ತಿರುಗಿಸಿ ಕೇಳು, ತಂತಿಯಲ್ಲಿ ಹುಡುಕು, ಮತ್ತೆ ತಿರುಗಿಸು. ಕರೆಂಟು ಇದ್ದರೆ ಸರಿ. ಮಳೆಗಾಲದಲ್ಲಿ ಸಾಗರದಲ್ಲಿ ಕರೆಂಟು ಇರುವುದು ಅಪರೂಪ, ಹಾಗಾಗಿ ಬ್ಯಾಟರಿ. ಬ್ಯಾಟರಿ ಸೋತರೆ ಟೇಪು ನಿಧಾನವಾಗುತ್ತದೆ. ನಿಧಾನವಾದರೆ ಶ್ರುತಿ ಇಳಿಯುತ್ತದೆ. ಈ ಸಣ್ಣ ವಿಷಯ ನನ್ನ ತಲೆಗೆ ಹೊಳೆಯಲೇ ಇಲ್ಲ. ಡಿ, ಜಿ, ಎ ಅಂತ ಬೆರಳಿಗೆ ಸುಲಭವಾಗಿ ಸಿಗುವ ಕಾರ್ಡುಗಳ ಹಾಡುಗಳನ್ನೆಲ್ಲ ನಾನು ಅರ್ಧ ಸ್ವರ ಕೆಳಗೆ, ಸಿ ಶಾರ್ಪ್, ಎಫ್ ಶಾರ್ಪ್, ಜಿ ಶಾರ್ಪ್‌ನಲ್ಲಿ, ತೋರುಬೆರಳನ್ನು ಪೂರ್ತಿ ಅಡ್ಡ ಒತ್ತಿ, ಹಲ್ಲು ಕಚ್ಚಿ ಕಲಿತೆ. ಸಿನಿಮಾದವರು ಯಾಕೆ ಇಷ್ಟು ಕಷ್ಟದ ಶ್ರುತಿಯಲ್ಲಿ ಹಾಡು ಮಾಡುತ್ತಾರೆ ಅಂತ ಆಶ್ಚರ್ಯ ಆಗುತ್ತಿತ್ತು. ಲಾಭವೂ ಆಯಿತು ಅನ್ನಿ. ಮಕ್ಕಳು ಅಳುವ ಆ ಅಡ್ಡ ಬೆರಳಿನ ಕಾರ್ಡುಗಳಿಗೆ ನಾನು ಯಾವತ್ತೂ ಹೆದರಲಿಲ್ಲ.

1986ರಲ್ಲಿ ಊರಿನ ಆರ್ಕೆಸ್ಟ್ರಾಕ್ಕೆ ಸೇರಿದೆ. ರಿಹರ್ಸಲ್ಲು ಅಡಿಕೆ ಮಂಡಿಯ ಮಹಡಿಯಲ್ಲಿ. ಕೆಳಗೆ ಅಡಿಕೆ ಚೀಲ, ಮೇಲೆ ನಾವು ಒಂಬತ್ತು ಜನ. ಮಾಸ್ಟರ್ ಅಕಾರ್ಡಿಯನ್ ನುಡಿಸುತ್ತಿದ್ದರು. ಎಲೆ ಅಡಿಕೆ ಬಾಯಿ. ಮಾತು ಕಡಿಮೆ. ಬಾಯಲ್ಲಿ ರಸ ತುಂಬಿದಾಗ ಹುಬ್ಬಿನಲ್ಲೇ ಬೈಯುತ್ತಿದ್ದರು.

ಮೊದಲ ದಿನವೇ ನನ್ನ ಶೌರ್ಯ ತೋರಿಸೋಣ ಅಂತ ಡಿ ಕಾರ್ಡ್ ಹಿಡಿದು ಆರೂ ತಂತಿಗಳ ಮೇಲೆ ಝಲ್ ಅಂತ ಕೈ ಎಳೆದೆ. ಅಕಾರ್ಡಿಯನ್ ನಿಂತಿತು. ಮಾಸ್ಟರ್ ಕಿಟಕಿಗೆ ಹೋಗಿ ಉಗಿದು ಬಂದರು.

“ಆರು ತಂತಿ ಇದೆ ಅಂತ ಆರೂ ಬಾರಿಸ್ಬೇಕಾ? ಮನೇಲಿ ಆರು ಬಾಗ್ಲು ಇದ್ರೆ ಆರೂ ತೆಗೆದಿಟ್ಟು ಮಲಗ್ತೀಯೇನೋ?”

ಡಿ ಕಾರ್ಡಿನ ಸ್ವರಗಳು ಡಿ, ಎಫ್ ಶಾರ್ಪ್, ಎ. ಆರನೇ ತಂತಿ, ಎಲ್ಲಕ್ಕಿಂತ ದಪ್ಪನೆಯದು, ಇ. ಅದು ಈ ಸಂಸಾರಕ್ಕೆ ಸೇರಿದ್ದಲ್ಲ. ಎಲ್ಲಕ್ಕಿಂತ ಕೆಳಗೆ ಕೂತು ಗೊರಗುಟ್ಟುತ್ತದೆ, ಸಾರಿಗೆ ಹಾಲು ಹುಯ್ದ ಹಾಗೆ. ಅದನ್ನು ಬಿಟ್ಟು ಉಳಿದದ್ದನ್ನು ನುಡಿಸಬೇಕು. ಪುಸ್ತಕದಲ್ಲಿ ಆ ತಂತಿಯ ಮೇಲೆ ಸಣ್ಣ ಇಂಟು ಗುರುತು ಇರುತ್ತದೆ. ನಾನು ನಾಲ್ಕು ವರ್ಷ ಅದನ್ನು ಅಚ್ಚಿನ ಕಲೆ ಅಂದುಕೊಂಡಿದ್ದೆನೋ ಏನೋ!

ಮಾಸ್ಟರ್ ಅಷ್ಟಕ್ಕೇ ನಿಲ್ಲಿಸಲಿಲ್ಲ. ಒಂದು ತಿಂಗಳಾದ ಮೇಲೆ ಐದನೆಯದನ್ನೂ ಬಿಡು ಅಂದರು. ಆಮೇಲೆ ನಾಲ್ಕನೆಯದನ್ನು. ಕೆಳಗಿನ ಸ್ವರಕ್ಕೆ ಬೇಸ್ ಗಿಟಾರಿನವನಿದ್ದಾನೆ, ನಡುವಿನದ್ದಕ್ಕೆ ನಾನಿದ್ದೇನೆ, ನಿನ್ನದು ಮೇಲಿನ ಮೂರು ತಂತಿ, ಅದೂ ಚಿಕ್ ಚಿಕ್ ಅಂತ ಕತ್ತರಿಸಿ, ತಾಳದ ಹಾಗೆ. ಅಷ್ಟು ಕಷ್ಟಪಟ್ಟು ಕಲಿತವನಿಗೆ ಅರ್ಧ ಗಿಟಾರು ಕಿತ್ತುಕೊಂಡ ಹಾಗಾಯಿತು. ಸಿಟ್ಟು ಬಂತು. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಆರೂ ತಂತಿಗಳನ್ನು ಬಡಿದೆ. ಅಪ್ಪ ಪಡಸಾಲೆಯಿಂದ ‘ಕೆರೀತಾನೆ’ ಅಂದರು.

ಆಗೆಲ್ಲ ರಸಮಂಜರಿಗೆ ಸೀಸನ್ ಇತ್ತು. ಗಣಪತಿ ಹಬ್ಬ, ನವೆಂಬರಿನ ರಾಜ್ಯೋತ್ಸವ, ಬೇಸಿಗೆಯ ಜಾತ್ರೆಗಳು. ಮೂರು ವರ್ಷಕ್ಕೊಮ್ಮೆ ಬರುವ ನಮ್ಮೂರ ಮಾರಿಕಾಂಬಾ ಜಾತ್ರೆ ನಮಗೆ ಪರೀಕ್ಷೆಯೂ ಹೌದು, ಹಬ್ಬವೂ ಹೌದು. ಮೆಟಡೋರ್ ವ್ಯಾನಿನಲ್ಲಿ ಒಂಬತ್ತು ಜನ, ಡ್ರಮ್ಸು, ಕಾಂಗೋ, ಸ್ಪೀಕರು, ನಾಲ್ಕು ಕಾಲಿನ ಮಧ್ಯೆ ನನ್ನ ಗಿಟಾರು. ರಾತ್ರಿ ಒಂಬತ್ತಕ್ಕೆ ಶುರು ಅಂದರೆ ಹನ್ನೊಂದು. ಮೊದಲು ಭಕ್ತಿಗೀತೆ, ಆಮೇಲೆ ರಾಜನ್-ನಾಗೇಂದ್ರ, ಎರಡು ಗಂಟೆಯ ಮೇಲೆ ಕುಣಿಯುವ ಹಾಡು. ಬೆಳಗಿನ ಜಾವಕ್ಕೆ ಕೈಗೆ 75 ರೂಪಾಯಿ, ಒಂದು ಪೊಟ್ಟಣ ಚಿತ್ರಾನ್ನ.

ಕಿವಿ ಅಲ್ಲೇ ತೆರೆದದ್ದು. ಒಂದು ಉದಾಹರಣೆ ಹೇಳುತ್ತೇನೆ. ಕರೆಂಟಿಗೂ ಶ್ರುತಿ ಇದೆ. ನಮ್ಮ ಲೈನಿನ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಅಲೆ. ಆಂಪ್ಲಿಫೈಯರಿನ ಅರ್ಥಿಂಗ್ ಸರಿ ಇಲ್ಲದಿದ್ದರೆ ಗುಂಯ್ ಅಂತ ಕೇಳುವುದು ಅದೇ. ಕೆಳಗಿನ ಜಿ ಸ್ವರ 49 ಹರ್ಟ್ಸ್. ಅಂದರೆ ಆ ಗುಂಯ್ ಹೆಚ್ಚುಕಡಿಮೆ ಜಿ. ಡೀಸೆಲ್ ಜನರೇಟರ್ ಸ್ವಲ್ಪ ಜೋರಾಗಿ ಓಡಿದರೆ ಅದು ಜಿ ಶಾರ್ಪಿನ ಕಡೆ ಏರುತ್ತದೆ. ಮಾಸ್ಟರಿಗೆ ಹರ್ಟ್ಸ್ ಗಿರ್ಟ್ಸ್ ಗೊತ್ತಿರಲಿಲ್ಲ. ಆದರೆ ವೇದಿಕೆ ಹತ್ತಿದ ತಕ್ಷಣ ಜನರೇಟರಿನ ಕಡೆ ಕಿವಿ ಕೊಟ್ಟು, ಗಾಯಕನಿಗೆ “ಇವತ್ತು ಕಪ್ಪು ಮೂರು ಬೇಡ, ಬಿಳಿ ನಾಲ್ಕಕ್ಕೆ ಹಾಡು” ಅನ್ನುತ್ತಿದ್ದರು, ಹಾರ್ಮೋನಿಯಂ ಕೀಲಿಗಳ ಲೆಕ್ಕದಲ್ಲಿ ಎಫ್ ಶಾರ್ಪ್ ಬೇಡ, ಎಫ್ ಅಂತ. ನಾನು ಇದನ್ನು ಎಲೆ ಅಡಿಕೆಯ ಅಮಲು ಅಂದುಕೊಂಡಿದ್ದೆ.

ಇನ್ನೊಂದು ಸಲ, ಹಾಡಿನ ಮಧ್ಯೆ ನನ್ನ ಗಿಟಾರಿನ ವಯರು ಕಿತ್ತುಹೋಯಿತು. ಯಾರೂ ನನ್ನ ಕಡೆ ನೋಡಲಿಲ್ಲ. ಜನ ಸಿಳ್ಳೆ ಹೊಡೆಯುತ್ತಲೇ ಇದ್ದರು. ಆದರೆ ಎರಡು ಸಾಲು ಕಳೆಯುವಷ್ಟರಲ್ಲಿ ಹಾಡು ಯಾಕೋ ಕುಂಟತೊಡಗಿತು. ಡ್ರಮ್ಸಿನವನು ತಲೆ ಎತ್ತಿ ಹುಡುಕಿದ, ಗಾಯಕ ಒಂದು ಕಡೆ ಮುಂದೆ ಓಡಿದ. ವಯರು ಸಿಕ್ಕಿಸಿ ಚಿಕ್ ಚಿಕ್ ಶುರು ಮಾಡಿದೆ, ಸರಿಹೋಯಿತು. ಮಾಸ್ಟರ್ ತಿರುಗಿ ನೋಡಿ ಹುಬ್ಬು ಹಾರಿಸಿದರು. ಮೂರು ತಂತಿಯ ಬೆಲೆ ನನಗೆ ಗೊತ್ತಾದ ರಾತ್ರಿ ಅದು.

ಗಿಟಾರಿನವರು ಹಿಂದೆಯೇ ಉಳಿಯುತ್ತಾರೆ ಅಂತ ಕೊರಗಿದಾಗ ಮಾಸ್ಟರ್ ಹೇಳುತ್ತಿದ್ದ ಕತೆ ಒಂದೇ. ನಮ್ಮ ಜಿ.ಕೆ. ವೆಂಕಟೇಶ್ ಅವರ ತಂಡದಲ್ಲಿ ಒಬ್ಬ ಗಿಟಾರಿನವನಿದ್ದ, ಆಮೇಲೆ ಅವರಿಗೇ ಅಸಿಸ್ಟೆಂಟ್ ಆದ, ಅವನ ಹೆಸರು ಇಳಯರಾಜ ಅಂತ. ಇದು ನಿಜವೇ. ಆದರೆ ಈ ಕತೆ ಕೇಳಿದ ಕರ್ನಾಟಕದ ಪ್ರತಿಯೊಬ್ಬ ರಿದಮ್ ಗಿಟಾರಿನವನೂ ಒಂದಿಷ್ಟು ದಿನ ಟ್ಯೂನು ಹಾಕಲು ಹೋಗಿ ಸಂಬಳದ ಕೆಲಸ ಕಳೆದುಕೊಂಡಿದ್ದಾನೆ, ಇದೂ ನಿಜ.

1993ರಲ್ಲಿ ಬೆಂಗಳೂರಿಗೆ ಬಂದೆ. ಹಗಲು ಲೆಕ್ಕ ಬರೆಯುವ ಕೆಲಸ, ಸಂಜೆ ಗಿಟಾರು. ಭಾವಗೀತೆ, ಭಕ್ತಿಗೀತೆ ಕ್ಯಾಸೆಟ್ಟುಗಳ ಕಾಲ ಅದು. ಸ್ಟುಡಿಯೊದಲ್ಲಿ ಎಂಟು ಗಂಟೆ ಕೂತು ನಾಲ್ಕು ಸಾಲು ನುಡಿಸಿ ಬಂದದ್ದೂ ಇದೆ. ಭಾವಗೀತೆಯಲ್ಲಿ ಪದ ಮುಖ್ಯ. ಕವಿಯ ಮಾತಿನ ಮೇಲೆ ತಂತಿ ಬಿದ್ದರೆ ಗಾಯಕರು ಗಾಜಿನ ಆಚೆಯಿಂದಲೇ ಕೈ ಎತ್ತುತ್ತಿದ್ದರು. ತೊಂಬತ್ತರ ದಶಕ ಮುಗಿಯುವಷ್ಟರಲ್ಲಿ ಕೀಬೋರ್ಡ್ ಒಂದರಲ್ಲೇ ಗಿಟಾರು, ಕೊಳಲು, ಪಿಟೀಲು ಎಲ್ಲ ಬಂತು. ಆಮೇಲೆ ಟ್ರ್ಯಾಕ್ ಬಂತು, ವಾದ್ಯಗಳನ್ನೆಲ್ಲ ಮೊದಲೇ ರೆಕಾರ್ಡ್ ಮಾಡಿಟ್ಟದ್ದು. ಒಂಬತ್ತು ಜನರ ಕೆಲಸಕ್ಕೆ ಒಬ್ಬ ಗಾಯಕ, ಒಂದು ಪ್ಲೇಯರ್ ಸಾಕಾಯಿತು. ಅದರ ಬಗ್ಗೆ ಅಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಪಾಠ ಶುರು ಮಾಡಿದೆ.

ಪಾಠ ಹೇಳಬೇಕಾದರೆ ಸರ್ಟಿಫಿಕೇಟು ಬೇಕು ಅಂದರು. ಮೂವತ್ತಾರನೇ ವಯಸ್ಸಿನಲ್ಲಿ ಮೊದಲ ಸಲ ಐದು ಗೆರೆಗಳ ಮೇಲೆ ಸ್ವರ ಬರೆಯುವ ಸ್ಟಾಫ್ ನೊಟೇಶನ್ ಓದಲು ಕೂತೆ. ಆ ಐದು ಗೆರೆಗಳು ಪಿಯಾನೊದವರಿಗೆ ಸಲೀಸು, ಒಂದು ಸ್ವರಕ್ಕೆ ಒಂದೇ ಕೀಲಿ. ಗಿಟಾರಿನಲ್ಲಿ ಹಾಗಲ್ಲ. ಒಂದನೇ ತಂತಿಯನ್ನು ಸುಮ್ನೆ ಮೀಟಿದರೆ ಬರುವ ಇ ಇದೆಯಲ್ಲ, ಅದೇ ಸ್ವರ ಎರಡನೇ ತಂತಿಯ ಐದನೇ ಫ್ರೆಟ್‌ನಲ್ಲಿ ಇದೆ, ಮೂರನೆಯದರ ಒಂಬತ್ತರಲ್ಲಿ ಇದೆ, ನಾಲ್ಕನೆಯದರ ಹದಿನಾಲ್ಕರಲ್ಲಿ ಇದೆ, ಐದನೆಯದರ ಹತ್ತೊಂಬತ್ತರಲ್ಲೂ ಇದೆ. ಒಂದೇ ಸ್ವರ, ಐದು ಮನೆ, ಐದು ಬಣ್ಣ. ಯಾವ ಮನೆಯ ಬಾಗಿಲು ತಟ್ಟಬೇಕು ಅಂತ ಕಾಗದ ಹೇಳುವುದಿಲ್ಲ. ಪರೀಕ್ಷೆಯ ದಿನ ನನ್ನ ಪಕ್ಕ ಕೂತಿದ್ದವಳು ಹನ್ನೊಂದು ವರ್ಷದ ಹುಡುಗಿ. “ಅಂಕಲ್, ನಿಮ್ಮ ಮಗ ಒಳಗಿದಾನಾ?” ಅಂದಳು. ಇಲ್ಲಮ್ಮ, ನನ್ನದೇ ಸರದಿ ಅಂದೆ. ಪಾಸಾದೆ. ನೋಡಿದ ತಕ್ಷಣ ಓದಿ ನುಡಿಸುವ ಭಾಗದಲ್ಲಿ ಬಂದ ಅಂಕ ಮಾತ್ರ ಹೆಂಡತಿಗೂ ಹೇಳಿಲ್ಲ.

ಅಮ್ಮನಿಗೆ ಕೊನೆತನಕ ಒಂದು ಕೊರಗು ಇತ್ತು. “ಎಲ್ಲ ಚೆನ್ನಾಗಿದೆ ಕಣೋ, ಆದ್ರೆ ನಿನ್ನ ವಾದ್ಯ ಮೆಟ್ಟಿಲು ಹತ್ತಿಳಿಯುತ್ತೆ, ಜಾರೋದಿಲ್ಲ” ಅನ್ನುತ್ತಿದ್ದಳು. ಗಮಕದ ಮಾತು ಅದು. ವೀಣೆಗೂ ಇಪ್ಪತ್ನಾಲ್ಕು ಮೆಟ್ಟಿಲು ಇವೆ, ಆದರೆ ತಂತಿಯನ್ನು ಪಕ್ಕಕ್ಕೆ ಎಳೆದು ಎಳೆದು ಗಮಕ ತೆಗೆಯುತ್ತಾರೆ. ಬೃಜ್ ಭೂಷಣ್ ಕಾಬ್ರಾ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ಲೋಹದ ತುಂಡು ಜಾರಿಸಿ ಹಿಂದೂಸ್ತಾನಿ ನುಡಿಸಿದರು. ವಿಶ್ವಮೋಹನ ಭಟ್ಟರು ಅದಕ್ಕೆ ಇನ್ನಷ್ಟು ತಂತಿ ಕಟ್ಟಿ ಮೋಹನವೀಣೆ ಮಾಡಿದರು, 1994ರಲ್ಲಿ ಗ್ರ್ಯಾಮಿ ಕೂಡ ಬಂತು. ಗಿಟಾರ್ ಪ್ರಸನ್ನ ಅವರಂತೂ ಫ್ರೆಟ್ ಇರುವ ಮಾಮೂಲಿ ಗಿಟಾರಿನಲ್ಲೇ ಕರ್ನಾಟಕ ಸಂಗೀತ ನುಡಿಸುತ್ತಾರೆ. ನಾನೂ ಒಂದು ವರ್ಷ ಕಲ್ಯಾಣಿಯ ಹಿಂದೆ ಬಿದ್ದೆ. ಆಗಲಿಲ್ಲ. ಅಮ್ಮ ಕೇಳಿ, “ಕಲ್ಯಾಣಿ ಅಂತ ಗೊತ್ತಾಗುತ್ತೆ ಬಿಡು” ಅಂದಳು. ಅಷ್ಟು ಸಾಕಾಗಿತ್ತು, ಬಿಟ್ಟೆ.

2006ರಲ್ಲಿ ಒಂದು ಒಳ್ಳೆಯ ಗಿಟಾರು ಕೊಂಡೆ, ಹೊರದೇಶದ್ದು. ಎರಡು ವರ್ಷದ ಉಳಿತಾಯ. ಅಂಗಡಿಯವನು ಹಿಂಭಾಗ ತೋರಿಸಿ “ಇಂಡಿಯನ್ ರೋಸ್‌ವುಡ್ ಸಾರ್” ಅಂದ. ಮನೆಗೆ ತಂದು ಬೆಳಕಿಗೆ ಹಿಡಿದೆ. ಕಂದು, ನೇರಳೆ, ನಡುವೆ ಕಪ್ಪು ಗೆರೆ. ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಅಜ್ಜನ ಮನೆಯ ಮಂಚ! ಅದು ಬೀಟೆ ಮರ. ಗಿಟಾರು ಮಾಡುವವರು ಮೊದಲು ಬ್ರೆಜಿಲ್ ದೇಶದ ರೋಸ್‌ವುಡ್ ಬಳಸುತ್ತಿದ್ದರು. ಅದು ಸಿಗುವುದು ಕಷ್ಟವಾದಾಗ, 1969ರಲ್ಲಿ, ಅಮೆರಿಕದ ಮಾರ್ಟಿನ್ ಕಂಪನಿ ನಮ್ಮ ಬೀಟೆಗೆ ಬದಲಾಯಿತು. ಪಶ್ಚಿಮ ಘಟ್ಟದ ಮಳೆ ಕುಡಿದ ಮರ ಕಡಲು ದಾಟಿ, ಗಿಟಾರಾಗಿ, ಬೆಂಗಳೂರಿನ ನನ್ನ ಎರಡು ರೂಮಿನ ಮನೆಗೆ ವಾಪಸ್ ಬಂದಿತ್ತು. ಖುಷಿ ಆಯಿತು, ಸ್ವಲ್ಪ ಕಸಿವಿಸಿಯೂ ಆಯಿತು. 2017ರಲ್ಲಿ ಅಂತರರಾಷ್ಟ್ರೀಯ ನಿಯಮ ಬಂದು ಬೀಟೆಯ ಗಿಟಾರನ್ನು ದೇಶ ದಾಟಿಸಿ ಮಾರಲು ಪರವಾನಗಿ ಬೇಕಾಯಿತು. 2019ರ ಕೊನೆಗೆ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ಅಜ್ಜನ ಮಂಚ ಈಗಲೂ ಊರಿನಲ್ಲಿದೆ. ತಟ್ಟಿದರೆ ಸದ್ದು ಚೆನ್ನಾಗಿದೆ.

ಪಾಠಕ್ಕೆ ಬರುವವರಲ್ಲಿ ಮೂರು ಥರ. ಅಪ್ಪ ಅಮ್ಮ ಕಳಿಸಿದ ಮಕ್ಕಳು, ಹುಡುಗಿಗಾಗಿ ಕಲಿಯುವ ಹುಡುಗರು, ನನ್ನ ಗಿಟಾರಿಗಿಂತ ನಾಲ್ಕು ಪಟ್ಟು ಬೆಲೆಯ ಗಿಟಾರು ತರುವ ಸಾಫ್ಟ್‌ವೇರ್ ಇಂಜಿನಿಯರುಗಳು. ಎಲ್ಲರೂ ಕೇಳುವುದು ಒಂದೇ, “ಎಷ್ಟು ತಿಂಗಳಿಗೆ ಹಾಡು ಬರುತ್ತೆ ಸಾರ್?” ನಾನು ತುಂಬಾ ವರ್ಷ ಕೆಟ್ಟ ಮೇಷ್ಟ್ರಾಗಿದ್ದೆ. ಯಾಕೆ ಅಂದರೆ ಕ್ಲಾಸಿನಲ್ಲಿ ನಾನೇ ನುಡಿಸುತ್ತಿದ್ದೆ. ಹುಡುಗ ತಪ್ಪಿದ ತಕ್ಷಣ “ಹಾಗಲ್ಲ, ಹೀಗೆ” ಅಂತ ನುಡಿಸಿ ತೋರಿಸುವುದು. ಅವನು ಬಾಯಿ ಬಿಟ್ಟುಕೊಂಡು ನೋಡುವುದು. ಆ ನೋಟ ನನಗೆ ಬೇಕಾಗಿತ್ತು, ಸುಳ್ಳು ಯಾಕೆ ಹೇಳಲಿ. ವೇದಿಕೆಯಲ್ಲಿ ಸಿಗದಿದ್ದದ್ದನ್ನು ಒಂಬತ್ತು ವರ್ಷದ ಹುಡುಗನಿಂದ ವಸೂಲಿ ಮಾಡುತ್ತಿದ್ದೆ.

2018ರಲ್ಲಿ ಎಡಗೈ ಉಂಗುರದ ಬೆರಳು ಮಡಚಿದರೆ ಬಿಡಿಸಲು ಬಾರದ ಹಾಗಾಯಿತು. ಬಿಡಿಸಿದರೆ ಟಕ್ ಅಂತ ಸದ್ದು. ಟ್ರಿಗರ್ ಫಿಂಗರ್ ಅಂದರು ಡಾಕ್ಟರು. ಬೆರಳಿನ ನರದಂಥ ದಾರ ಒಂದು ಕೊಳವೆಯೊಳಗೆ ಓಡಾಡುತ್ತದಂತೆ, ಆ ಕೊಳವೆಯ ಬಾಯಿ ದಪ್ಪವಾದರೆ ಹೀಗೆ. ಪಟ್ಟಿ ಕಟ್ಟಿ, ಇಂಜೆಕ್ಷನ್ ಕೊಟ್ಟು, ನಾಲ್ಕು ತಿಂಗಳು ಗಿಟಾರು ಮುಟ್ಟಬೇಡಿ ಅಂದರು. ಜಾಝ್ ಗಿಟಾರಿಸ್ಟ್ ಜಾಂಗೋ ರೈನ್‌ಹಾರ್ಟ್ 1928ರಲ್ಲಿ ಬೆಂಕಿಗೆ ಸಿಕ್ಕಿ ಎಡಗೈಯ ಎರಡು ಬೆರಳು ಸೊಟ್ಟಗಾದ ಮೇಲೆ, ಉಳಿದ ಎರಡರಲ್ಲೇ ಲೀಡ್ ನುಡಿಸಿ ಯುರೋಪನ್ನೇ ಬೆರಗುಗೊಳಿಸಿದ ಕತೆ ನನಗೆ ಎಲ್ಲರೂ ಹೇಳಿದರು. ಕೈ ನೋಯುವವನಿಗೆ ಜಾಂಗೋ ಕತೆ ಹೇಳಬೇಡಿ. ಕಾಲು ಮುರಿದವನಿಗೆ ಹಿಮಾಲಯದ ಫೋಟೊ ತೋರಿಸಿದ ಹಾಗೆ.

ಫೀಸು ಬಿಡುವ ಹಾಗಿರಲಿಲ್ಲ, ಪಾಠ ನಡೆಸಲೇಬೇಕು. ಗಿಟಾರಿಲ್ಲದೆ ಕುರ್ಚಿಯಲ್ಲಿ ಕೈ ಕಟ್ಟಿ ಕೂತೆ. ಮೊದಲ ವಾರ ನರಕ. ಹುಡುಗಿಯೊಬ್ಬಳು ಡಿ ಹಿಡಿದು ಆರೂ ತಂತಿ ಎಳೆದಳು. ಅಡಿಕೆ ಮಂಡಿಯ ನನ್ನದೇ ಝಲ್! ತೋರಿಸಲು ಕೈ ಏಳುತ್ತದೆ, ಪಟ್ಟಿ ತಡೆಯುತ್ತದೆ. “ಮತ್ತೊಮ್ಮೆ” ಅಂದೆ. ಅದೇ. “ಒಂದೊಂದೇ ತಂತಿ ಮೀಟಿ ಕೇಳು” ಅಂದೆ. ಅವಳು ಸಣ್ಣ ತಂತಿಯಿಂದ ಒಂದೊಂದೇ ಮೀಟುತ್ತಾ ಹೋಗಿ ಕೊನೆಯದರಲ್ಲಿ ಮುಖ ಸಿಂಡರಿಸಿದಳು. ನಾನು ಬಾಯಿ ಬಿಡಲಿಲ್ಲ. ಮುಂದಿನ ಸಲ ಆ ತಂತಿ ತಾನಾಗಿ ಬಿಟ್ಟುಹೋಯಿತು. ನಾನು ಹತ್ತೊಂಬತ್ತು ವರ್ಷ ಬಾಯಲ್ಲಿ ಹೇಳಿ, ಕೈಯಲ್ಲಿ ತೋರಿಸಿ, ಪುಸ್ತಕದಲ್ಲಿ ಗುರುತು ಹಾಕಿ ಕಲಿಸಿದ್ದು ಇದನ್ನೇ. ಅಷ್ಟೂ ಮಕ್ಕಳು ಮರುವಾರ ಮರೆತು ಬರುತ್ತಿದ್ದರು. ಇವಳು ಮರೆಯಲಿಲ್ಲ.

ಲಾಕ್‌ಡೌನ್‌ನಲ್ಲಿ ಪಾಠ ಫೋನಿಗೆ ಬಂತು. ವಿಡಿಯೊ ಕಾಲಿನಲ್ಲಿ ಇಬ್ಬರೂ ಜೊತೆಗೆ ನುಡಿಸಲು ಆಗುವುದಿಲ್ಲ, ಸದ್ದು ಹೋಗಿ ಬರುವಷ್ಟರಲ್ಲಿ ತಾಳ ದಾಟಿರುತ್ತದೆ. ಇನ್ನೊಂದು ತಮಾಷೆ, ಗಿಟಾರಿನ ಉದ್ದನೆಯ ಸ್ವರವನ್ನು ಆ್ಯಪು ಫ್ಯಾನಿನ ಸದ್ದು ಅಂದುಕೊಂಡು ಅಳಿಸಿಹಾಕುತ್ತಿತ್ತು. ಸೆಟ್ಟಿಂಗ್ ಬದಲಾಯಿಸಬೇಕು ಅಂತ ಗೊತ್ತಾಗುವ ತನಕ ನಾನು ಮಕ್ಕಳ ಬೆರಳು ನೋಡಿಯೇ ಸದ್ದು ಊಹಿಸುತ್ತಿದ್ದೆ. ಆ ಹೊತ್ತಿಗೆ ನನಗೆ ಸುಮ್ಮನೆ ಕೂರುವುದು ರೂಢಿಯಾಗಿತ್ತು.

ಮಾಸ್ಟರ್ ಈಗ ಇಲ್ಲ. ಹೋದ ವರ್ಷ ಗಣಪತಿ ಹಬ್ಬಕ್ಕೆ ಊರಿನ ಹುಡುಗರು ಫೋನ್ ಮಾಡಿದರು. ಹಳೇ ಆರ್ಕೆಸ್ಟ್ರಾದವರಿಗೆ ಸನ್ಮಾನ, ಜೊತೆಗೆ ಒಂದು ಹಾಡಿಗೆ ಗಿಟಾರು ನುಡಿಸಬೇಕು. ರಾತ್ರಿ ಬಸ್ಸು ಹಿಡಿದು ಹೋದೆ. ಶಾಲು, ಹಾರ, ಹಣ್ಣಿನ ಬುಟ್ಟಿ ಆಯಿತು. ಆಮೇಲೆ ನೋಡಿದರೆ ಹಾಡಿಗೆ ಟ್ರ್ಯಾಕ್ ಹಾಕಿದ್ದಾರೆ. ಅದರಲ್ಲಿ ಬೇಸ್ ಇದೆ, ಪಿಟೀಲು ಇದೆ, ಗಿಟಾರೂ ಇದೆ, ಅದೂ ಒಳ್ಳೆಯ ಗಿಟಾರು. ನಾನು ವಯರು ಸಿಕ್ಕಿಸಿಕೊಂಡು ಸ್ಪೀಕರ್ ಪಕ್ಕ ನಿಂತೆ. ಪಲ್ಲವಿ ಹೋಯಿತು, ನುಡಿಸಲಿಲ್ಲ. ಚರಣ ಹೋಯಿತು, ನುಡಿಸಲಿಲ್ಲ. ಎರಡನೇ ಚರಣದ ಮುಂಚೆ, ಟ್ರ್ಯಾಕಿನ ಗಿಟಾರು ಉಸಿರು ತೆಗೆದುಕೊಳ್ಳುವ ಒಂದು ಜಾಗ ಇತ್ತು. ಅಲ್ಲಿ ಮೇಲಿನ ಮೂರು ತಂತಿ, ಚಿಕ್ ಚಿಕ್, ಎರಡು ಸಲ. ಹಾಡು ಮುಗಿಯುವಾಗ ಇನ್ನೊಂದು ಸಲ.

ಕೆಳಗಿಳಿದಾಗ ಸಂಘದ ಹುಡುಗ ಓಡಿ ಬಂದು ಹಣ್ಣಿನ ಬುಟ್ಟಿ ಹಿಡಿದುಕೊಂಡ. ಪಾಪ, ಅವನ ಮುಖದಲ್ಲಿ ನಿಜವಾದ ಕಾಳಜಿ ಇತ್ತು.

“ಏನ್ ಸಾರ್, ಅಷ್ಟು ದೂರದಿಂದ ಬಂದು ಇಷ್ಟೇನಾ? ಕೈ ನೋವಾ?”

“ಹೌದಪ್ಪ, ಸ್ವಲ್ಪ” ಅಂದೆ.